ಹಸ್ತಾ ಮೂರನೇ ಪಾದಕ್ಕೆ ‘ಣ’ ಬಂದಿದೆ, ಹೆಸರು ಎಲ್ಲಿಂದ ತರೋದು?

ಹಾಸನದ ಬಾಣಂತಿ:

ಎಲ್ಲರಿಗೂ ನಮಸ್ಕಾರ. ತವರಲ್ಲಿ ಬಾಣಂತನ ನಡೀತಿದೆ, ಮಗು ಮಲಗಿದಾಗ ಟೈಪ್ ಮಾಡ್ತಿದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೆಣ್ಣು ಮಗು. ಹಸ್ತಾ ನಕ್ಷತ್ರ, ಮೂರನೇ ಪಾದ. ಪಂಚಾಂಗ ನೋಡಿದರೆ ‘ಣ’ ಅಕ್ಷರ! ಬಸ್‌ಸ್ಟ್ಯಾಂಡಲ್ಲಿ ಕೊಂಡ ಹೆಸರಿನ ಪುಸ್ತಕದಲ್ಲಿ ‘ಡ’ ಮುಗಿದರೆ ಸೀದಾ ‘ತ’, ಣ ಅನ್ನೋ ಪುಟವೇ ಇಲ್ಲ. ಅಕ್ಷರ ಬಿಟ್ಟು ಹೆಸರಿಡೋ ಹಾಗಿಲ್ಲ ಅಂತ ಮಾವನೋರು ಪಟ್ಟು ಹಿಡಿದಿದ್ದಾರೆ. ಪುರೋಹಿತರು ‘ನ’ದಲ್ಲಿಡಿ ನಡೆಯುತ್ತೆ ಅಂದರು, ಅದಕ್ಕೂ ಮಾವನೋರಿಗೆ ಅರ್ಧ ಮನಸ್ಸು. ಯಜಮಾನರು ಮೊಬೈಲ್ ಆಪಲ್ಲಿ ‘ಅನಯಾ’ ಅಂತ ಹುಡುಕಿದ್ದಾರೆ. ಅರ್ಥ ‘ಕಾಳಜಿ ಮಾಡುವವಳು’ ಅಂತೆ. ಮಧ್ಯದಲ್ಲಿ ನ ಇದೆಯಲ್ಲ ಅನ್ನೋದು ಅವರ ವಾದ.

ಇದರ ಜೊತೆಗೆ ಯಜಮಾನರ ಅಜ್ಜಿ. ಎಂಬತ್ತು ದಾಟಿದ ಜೀವ. ನನ್ನ ಹೆಸರಿಡಿ ಅಂತ ಬಾಯಿಬಿಟ್ಟು ಕೇಳಿಲ್ಲ, ಆದರೆ ನೋಡೋಕೆ ಬಂದಾಗ ಮಗೂನ ತೊಡೆ ಮೇಲೆ ಹಾಕ್ಕೊಂಡು ‘ಏನೇ ನಂಜೀ’ ಅಂತಲೇ ಮಾತಾಡಿಸ್ತಾರೆ. ಅವರು ಪುಟ್ಟನಂಜಮ್ಮ. ನನಗೂ ಒಳಗೊಳಗೇ ಆಸೆ. ಆದ್ರೆ ನಂಜು ಅಂದ್ರೆ ವಿಷ ಅಲ್ವಾ, ಸ್ಕೂಲಲ್ಲಿ ಆಡ್ಕೊಳ್ಳಲ್ವಾ? ತೊಟ್ಟಿಲ ಶಾಸ್ತ್ರ ಮುಂದಿನ ತಿಂಗಳು. ತಿಳಿದವರು ಹೇಳಿ.

ಹಳೇ ಮೇಷ್ಟ್ರು:

ತಾಯಿ, ಮೊದಲು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹೆಸರು ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಎರಡೂ ಕಲಿಸಿದವನು. ದಿನಾ ಹಾಜರಿ ಕೂಗಿ ಕೂಗಿ ಹತ್ತಿದ ಹುಚ್ಚು ಇದು.

ನೀವು ನೋಡಿರುವುದು ಅವಕಹಡ ಚಕ್ರ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಹಸ್ತಾಕ್ಕೆ ಪು, ಷ, ಣ, ಠ. ಚಂದ್ರ ಒಂದು ಪಾದ ದಾಟುವುದಕ್ಕೆ ಹೆಚ್ಚುಕಡಿಮೆ ಆರು ಗಂಟೆ. ನಿಮ್ಮ ಮಗಳು ಅರ್ಧ ದಿನ ಅವಸರ ಮಾಡಿದ್ದರೆ ‘ಪು’ ಸಿಕ್ಕು ಪುಣ್ಯಾ, ಪುಷ್ಪಾ ಅಂತ ಮುಗಿದುಹೋಗುತ್ತಿತ್ತು. ಇನ್ನಷ್ಟು ನಿಧಾನ ಮಾಡಿದ್ದರೆ ‘ಠ’. ಅದರಲ್ಲಿ ಠಕ್ಕ ಬಿಟ್ಟರೆ ಇನ್ನೇನು ಸಿಗುತ್ತದೆ? ಆರಿದ್ರಾ ಮೂರನೇ ಪಾದದವರ ಪಾಡು ಇನ್ನೂ ಕೇಳಬೇಡಿ, ಅವರದು ‘ಙ’.

ಙ, ಞ, ಣ ಹೆಸರಿನ ಮೊದಲಿಗೆ ಬರುವುದಿಲ್ಲ, ಬಂದರೆ ಕ್ರಮವಾಗಿ ಗ, ಜ, ಡ ಎಂದು ತಿಳಿಯಿರಿ ಎನ್ನುವ ಮಾತು ಸ್ವರಶಾಸ್ತ್ರದಲ್ಲೇ ಇದೆ. ಆ ಲೆಕ್ಕದಲ್ಲಿ ನಿಮಗೆ ಡ. ನಿಮ್ಮ ಪುರೋಹಿತರಂತೆ ಇವತ್ತು ಬಹಳ ಜನ ಹೇಳುವುದು ನ. ಆದರೆ ಅದೇ ಚಕ್ರದಲ್ಲಿ ಡ ಇರುವುದು ಪುಷ್ಯದ ಕೊನೇ ಪಾದಕ್ಕೆ, ನ ಇರುವುದು ಅನೂರಾಧದ ಮೊದಲ ಪಾದಕ್ಕೆ. ಕನ್ಯಾ ರಾಶಿಯ ಕೂಸನ್ನು ಕರ್ಕಾಟಕಕ್ಕೋ ವೃಶ್ಚಿಕಕ್ಕೋ ಸಾಗಹಾಕಿದಂತಾಯಿತು. ನಿಮ್ಮ ಮಾವನವರ ಅರ್ಧ ಮನಸ್ಸು ಸುಮ್ಮನೆ ಅಲ್ಲ.

ಹಾಗಂತ ಗಾಬರಿಯಾಗುವ ಕೆಲಸವೂ ಇಲ್ಲ. ನಾಮಕರಣದಲ್ಲಿ ತಟ್ಟೆಯ ಅಕ್ಕಿ ಮೇಲೆ ಚಿನ್ನದ ಉಂಗುರದಿಂದ ಬರೆಯುವುದು ಒಂದೇ ಹೆಸರಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ಕಡೆಗೆ ವ್ಯಾವಹಾರಿಕ ನಾಮ. ಅಕ್ಷರದ ಕಟ್ಟು ನಕ್ಷತ್ರನಾಮಕ್ಕೆ ಮಾತ್ರ. ಅದು ಜಾತಕಕ್ಕೆ, ಮಗುವಿನ ಕಿವಿಗೆ. ಬೀದಿಯಲ್ಲಿ ನಿಂತು ಕೂಗುವ ಹೆಸರಿಗೆ ಆ ಹಗ್ಗ ಬಿಗಿಯಬೇಕಿಲ್ಲ. ಮಾವನವರಿಗೆ ಅಕ್ಕಿಯ ಮೇಲೆ ಣ ಬರೆದು ತೋರಿಸಿ, ಕರೆಯುವ ಹೆಸರು ನಿಮ್ಮಿಷ್ಟ.

‘ಅನಯಾ’ ಮಾತ್ರ ಬೇಡ. ನಯ ಎಂದರೆ ನೀತಿ. ಅ-ನಯ ಎಂದರೆ ದುರ್ನೀತಿ, ಕೇಡು. ಯಾವ ಸಂಸ್ಕೃತ ನಿಘಂಟು ಬೇಕಾದರೂ ತೆಗೆದು ನೋಡಿ. ಕಾಳಜಿ ಎನ್ನುವ ಅರ್ಥ ಇರುವುದು ಅರಬ್ಬಿಯ ‘ಇನಾಯಾ’ಕ್ಕೆ. ನಮ್ಮ ಕಡೆಯ ಇನಾಯತ್ ಅದೇ ಬಳಗ, ಒಳ್ಳೆಯ ಹೆಸರು. ಆಪಿನವರು ಒಂದರ ಅರ್ಥ ತಂದು ಇನ್ನೊಂದಕ್ಕೆ ಅಂಟಿಸಿದ್ದಾರೆ. ಈಗ ಬೀದಿಗೊಬ್ಬ ಆರವ್ ಇದ್ದಾನಲ್ಲ, ಅವನಿಗೂ ‘ಶಾಂತ ಸ್ವಭಾವದವನು’ ಅಂತ ಬರೆದಿರುತ್ತಾರೆ. ಆರವ ಎಂದರೆ ಸದ್ದು, ಕೂಗು! ಮನೆಯಲ್ಲಿ ಮಗು ಮಾಡುವುದನ್ನು ನೋಡಿದರೆ ನಿಘಂಟೇ ಸರಿ ಅನ್ನಿಸುತ್ತದೆ.

ಇನ್ನು ನಂಜಮ್ಮ. ಅದು ವಿಷದ ಹೆಸರಲ್ಲ ತಾಯಿ, ನಂಜುಂಡನ ಹೆಸರು. ನಂಜನ್ನು ಉಂಡು ಲೋಕ ಉಳಿಸಿದವನು, ಕಪಿಲೆಯ ದಡದಲ್ಲಿ ನಂಜನಗೂಡಿನಲ್ಲಿ ಕೂತಿದ್ದಾನೆ. ಟಿಪ್ಪು ಹಕೀಂ (ವೈದ್ಯ) ನಂಜುಂಡ ಎಂದು ಕರೆದನಂತೆ ಅಂತ ಜನ ಇವತ್ತಿಗೂ ಹೇಳುವುದು ಈ ದೇವರನ್ನೇ. ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊತ್ತು ಹಳೇ ಮೈಸೂರಿನಲ್ಲಿ ಎಷ್ಟು ನಂಜಪ್ಪ, ನಂಜೇಗೌಡ, ನಂಜಮ್ಮಣ್ಣಿಯರು! ನನ್ನ ಹಾಜರಿ ಪುಸ್ತಕದಲ್ಲಿ ಸಾಕಮ್ಮನೂ ಇದ್ದಳು, ಹೆಣ್ಣು ಸಾಕಪ್ಪಾ ದೇವರೇ ಎಂದು ಇಟ್ಟದ್ದು. ತಿಪ್ಪಮ್ಮನೂ ಇದ್ದಳು, ಹಿಂದಿನ ಕೂಸುಗಳು ಉಳಿಯದೆ ಹೋದಾಗ ಇದನ್ನಾದರೂ ಸಾವು ಮೂಸದಿರಲಿ ಎಂದು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡ ಮಗು. ಇವೆಲ್ಲದರ ಮುಂದೆ ನಂಜಮ್ಮ ಅಮೃತ.

ಕಾರ್ಕಳದವ:

ಣದಿಂದ ಹೆಸರಿಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ನಾವು ಜೈನರು ದಿನ ಶುರು ಮಾಡುವುದೇ ಣದಿಂದ. ‘ಣಮೋ ಅರಿಹಂತಾಣಂ.’ ಇದು ಪ್ರಾಕೃತ ಭಾಷೆ, ಅದರಲ್ಲಿ ಸಂಸ್ಕೃತದ ನ ಎಷ್ಟೋ ಕಡೆ ಣ ಆಗ್ತದೆ. ನಮ್ಮ ಹಳೇ ಧರ್ಮಗ್ರಂಥ ಷಟ್ಖಂಡಾಗಮದ ಮೊದಲ ಸಾಲೇ ಈ ಮಂತ್ರ, ಅದರ ಟೀಕೆ ಧವಲಾದ ತಾಳೆಗರಿಗಳು ಮೂಡುಬಿದಿರೆ ಬಸದಿಯಲ್ಲಿ ಕನ್ನಡ ಲಿಪಿಯಲ್ಲೇ ಉಂಟು. ಹಾಗಾಗಿ ಕನ್ನಡದ ಕೈಗೆ ಮೊದಲಕ್ಷರ ಣ ಬರೆಯುವುದು ಹೊಸತೇನಲ್ಲ.

ಜ್ಞಾನಕ್ಕೆ ಪ್ರಾಕೃತದಲ್ಲಿ ‘ಣಾಣ’. ಅಕ್ಕಿಯ ಮೇಲೆ ‘ಣಾಣಾ’ ಅಂತ ಬರೆಯಿರಿ. ಅರ್ಥವೂ ಆಯ್ತು, ಅಕ್ಷರವೂ ಆಯ್ತು. ಶಾಲೆಗೆ ಮಾತ್ರ ಅದನ್ನು ಕೊಡಬೇಡಿ, ಟೀಚರ್ ನಾಣಿ ಮಾಡಿಬಿಡ್ತಾರೆ.

ಧಾರವಾಡದ ಅಕ್ಕ:

ತಂಗಿ, ನಮ್ಮ ಕಡೆ ಈ ಅಕ್ಷರದ ಜಗಳ ಮಾವಂದಿರಿಗೆ ಬಿಡಂಗಿಲ್ಲ. ಹೆಸರಿಡಾಕಿ ಸೋದರತ್ತಿ. ಕೂಸಿನ ಕಿವ್ಯಾಗ ‘ಕುರ್ರ್’ ಅಂದು ಹೆಸರು ಹೇಳತಾಳ, ಹಿಂದ ನಿಂತ ಹೆಣ್ಮಕ್ಕಳು ಆಕಿ ಬೆನ್ನಿಗೆ ದಬದಬ ಗುದ್ದತಾರ. ನಮ್ಮಣ್ಣನ ಮಗಳಿಗೆ ಹೆಸರಿಡೂಮುಂದ ನಾ ತಿಂದ ಗುದ್ದು ಇನ್ನೂ ನೆನಪೈತಿ. ಗುದ್ದು ತಿನ್ನಾಕಿ ಮಾತು ನಡೀಬೇಕೋ ಬ್ಯಾಡೋ?

ನಂಜಮ್ಮ ಅಂದ್ರ ಮಕ್ಕಳು ಕಾಡತಾವು ಅಂತ ಅಂಜಿಕಿ ಇದ್ರ ಒಂದ ಮಾತು ಹೇಳತೀನಿ. ನಂಜು ಕುಡದಾಂವ ನಿಮಗ ನಂಜುಂಡ, ಅದ ನಂಜಿನಿಂದ ಕುತ್ತಿಗಿ ನೀಲಿ ಆದಾಂವ ನಮಗ ನೀಲಕಂಠ. ಇಬ್ಬರೂ ಒಬ್ಬಾವನ. ನಮ್ಮ ಕಡೆ ಓಣಿಗೊಬ್ಬಾಕಿ ನೀಲವ್ವ ಸಿಗತಾಳ. ಬಸವಣ್ಣನವರ ಮನಿಯವರು ನೀಲಾಂಬಿಕೆ. ‘ನೀಲಾ’ ಅಂತ ಇಡ್ರಿ. ಪುರೋಹಿತರ ನ ಬಂತು, ಅಜ್ಜಿ ದೇವರೂ ಬಂದ, ಕರಿಯಾಕ ಹಗೂರ.

ಹಾಸನದ ಬಾಣಂತಿ:

ಮೇಷ್ಟ್ರೇ, ಅಕ್ಕಾ, ಕಾರ್ಕಳದ ಅಣ್ಣಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಫೋನಲ್ಲಿ ಮಾವನೋರಿಗೆ ಓದಿ ಹೇಳಿದೆ. ವೃಶ್ಚಿಕದ ಮಾತು ಬಂದಾಗ ‘ನಾನು ಹೇಳಲಿಲ್ವಾ’ ಅಂತ ಖುಷಿಯಾದರು. ಅಕ್ಕಿ ಮೇಲೆ ಣಾಣಾ ಬರೆಯೋಕೆ ಒಪ್ಪಿದ್ದಾರೆ, ಪುರೋಹಿತರನ್ನ ಒಂದ್ಸಲ ಕೇಳಿ ಅನ್ನೋ ಷರತ್ತು. ದುರ್ನೀತಿ ಅನ್ನೋದು ಕೇಳಿ ಯಜಮಾನರು ಆಪನ್ನೇ ಡಿಲೀಟ್ ಮಾಡಿದರು.

ನೀಲಾ ನಮ್ಮಿಬ್ಬರಿಗೂ ಹಿಡಿಸಿದೆ. ಅಜ್ಜಿಗೆ ಹೇಳಿದ್ದಕ್ಕೆ ‘ನೀವು ಏನಾರ ಇಟ್ಕಳ್ಳಿ, ನಾನಂತೂ ನಂಜಿ ಅಂತಲೇ ಕರೆಯೋದು’ ಅಂದ್ರು. ಮಾವನೋರು ನಂಜುಶ್ರೀ ಅಂತ ಇನ್ನೊಂದು ಬಾಣ ಬಿಟ್ಟಿದ್ದಾರೆ, ನೋಡೋಣ.

ಇನ್ನೊಂದು ಪ್ರಶ್ನೆ. ಜನನ ಪ್ರಮಾಣಪತ್ರ ಬಂದಿದೆ, ಹೆಸರಿನ ಜಾಗ ಖಾಲಿ. ತುಂಬಿಸೋಕೆ ಗಡುವು ಏನಾದ್ರೂ ಇದೆಯಾ?

ನೋಂದಣಿ ಗುಮಾಸ್ತ:

ಇದೆ ಮೇಡಂ, ಆದರೆ ಧಾರಾಳವಾಗಿದೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದು ಹೆಸರಿಲ್ಲದೆಯೂ ಆಗುತ್ತೆ, ನಿಮ್ಮದು ಹಾಗೆ ಆಗಿರೋದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಅಷ್ಟು ಕಾಯಬೇಡಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ದಾಖಲೆ ಈ ಕಾಗದವೇ.

ಸೇರಿಸೋದು ಸುಲಭ, ಬದಲಾಯಿಸೋದು ತಲೆನೋವು. ಅದಕ್ಕೇ ಮನೆಯ ಚರ್ಚೆ ಪೂರ್ತಿ ಮುಗಿಸಿಕೊಂಡು ಅರ್ಜಿ ಕೊಡಿ. ನೀಲಾ ಅಂತಲೇ ಆದರೆ ಇಂಗ್ಲಿಷಲ್ಲಿ ಡಬಲ್ ಇ ನೋ ಬರೀ ಐ ನೋ ಅದನ್ನೂ ಈಗಲೇ ತೀರ್ಮಾನ ಮಾಡಿ. ಅಪ್ಪ ಇಲ್ಲಿ ಒಂದು ಬರೆಸಿ, ತಾತ ಆಧಾರ್‌ನಲ್ಲಿ ಇನ್ನೊಂದು ಬರೆಸಿದರೆ ಆಮೇಲೆ ಫೈಲ್ ಹಿಡ್ಕೊಂಡು ಓಡಾಡೋದು ನೀವೇ.