‘ಟಾರ್ಗೆಟ್ ಮೆಚ್ಯೂರಿಟಿ ಲೆವೆಲ್’ಗೆ ಕನ್ನಡದಲ್ಲಿ ಏನೆನ್ನುವುದು?

ಮಾನ್ಯರೇ,

ಕಲಬುರಗಿಯ ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಸೈಬರ್ ಭದ್ರತಾ ನೀತಿಯನ್ನು ಅದರ ನಿರ್ದೇಶಕ ಮಂಡಳಿಯವರು ಓದುವುದಕ್ಕಾಗಿ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಮೇಲಿಂದ ಮೇಲೆ ಬರುವ ‘ಟಾರ್ಗೆಟ್ ಮೆಚ್ಯೂರಿಟಿ ಲೆವೆಲ್’ ಎಂಬುದರ ಮೂರೂ ಪದಗಳಿಗೆ ನಿಘಂಟಿನಲ್ಲಿ ಸಮಾನಪದಗಳಿವೆ. ಆದರೆ ಅವನ್ನು ಜೋಡಿಸಿ ‘ಗುರಿ ಪಕ್ವತಾ ಮಟ್ಟ’ ಎಂದು ಬರೆದರೆ, ಮೂಲದ ಆಶಯಕ್ಕೆ ಹೆಚ್ಚುಕಡಿಮೆ ವಿರುದ್ಧವಾದ ಅರ್ಥವೇ ಓದುಗರನ್ನು ಮುಟ್ಟುತ್ತದೆಂದು ನನಗೆ ತೋರುತ್ತಿರುವುದರಿಂದ ತಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಭದ್ರತೆಯ ಒಂದೊಂದು ಕೆಲಸವೂ ಸಂಸ್ಥೆಯಲ್ಲಿ ಎಷ್ಟರಮಟ್ಟಿಗೆ ನೆಲೆಯೂರಿದೆ ಎಂಬುದನ್ನು ಅಳೆಯುವ ಮಾಪನವಿದು. ಬ್ಯಾಕಪ್ ವಿಷಯವನ್ನೇ ನೋಡಬಹುದು. ಕಂಪ್ಯೂಟರ್ ವಿಭಾಗದ ಒಬ್ಬರು ನೆನಪಾದಾಗ ಹಾರ್ಡ್ ಡಿಸ್ಕಿಗೆ ನಕಲು ತೆಗೆದು ಬೀರುವಿನಲ್ಲಿಟ್ಟರೆ ಅದು ಕೆಳಗಿನ ಮಟ್ಟ. ದಿನದ ವಹಿವಾಟು ಮುಗಿದ ಮೇಲೆ, ಯಾರು ರಜೆಯಲ್ಲಿದ್ದರೂ, ಬರೆದಿಟ್ಟ ಕ್ರಮದಂತೆ ನಕಲು ಆಗಿಯೇ ತೀರುತ್ತದೆಂದರೆ ಅದು ನಡುವಿನ ಮಟ್ಟ. ಆಗಾಗ ಆ ನಕಲಿನಿಂದ ಲೆಕ್ಕಗಳನ್ನು ಮರಳಿ ಎತ್ತಿ ನೋಡಿ, ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ದಾಖಲಿಸಿ, ಆ ಅಂಕಿಯ ಆಧಾರದ ಮೇಲೆ ಕ್ರಮವನ್ನೇ ತಿದ್ದಿಕೊಳ್ಳುತ್ತಿದ್ದರೆ ಅದು ಅದಕ್ಕೂ ಮೇಲಿನದು. ಇವುಗಳಲ್ಲಿ ತನಗೆ ಯಾವುದು ಸಾಕು ಎಂಬುದನ್ನು ಅಪಾಯ, ಕಾನೂನು ಮತ್ತು ಖರ್ಚುಗಳನ್ನು ತೂಗಿ ಸಂಸ್ಥೆಯೇ ಮೊದಲು ಗೊತ್ತುಮಾಡಿಕೊಳ್ಳಬೇಕು. ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿರುವಾಗ, ಘಟನೆಗಳನ್ನು ನಿಭಾಯಿಸುವ ಕೆಲಸವನ್ನು ಕೆಳಗಿನ ಮಟ್ಟದಲ್ಲಿ ಬಿಡುವಂತಿಲ್ಲ. ಅದೇ ಬ್ಯಾಂಕು ತನ್ನ ತಂತ್ರಾಂಶವನ್ನೆಲ್ಲ ಹೊರಗಿನವರಿಂದ ಕೊಳ್ಳುತ್ತಿದ್ದರೆ, ತಂತ್ರಾಂಶ ಬರೆಯುವ ಕೆಲಸದ ಭದ್ರತೆಯಲ್ಲಿ ಎತ್ತರದ ಮಟ್ಟಕ್ಕೆ ಏರಲು ಹಣ ಸುರಿಯುವುದು ವ್ಯರ್ಥ. ಅಂದರೆ ಇಲ್ಲಿ ‘ಟಾರ್ಗೆಟ್’ ಎಂಬುದು ತಿಳಿದೂ ತಿಳಿದೂ ನಿಲ್ಲಲು ಆರಿಸಿಕೊಂಡ ಜಾಗ.

ನಮ್ಮ ‘ಗುರಿ’ಗೆ ಆ ಅರ್ಥವಿಲ್ಲ. ಸಹಕಾರಿ ಬ್ಯಾಂಕುಗಳ ವಾರ್ಷಿಕ ವರದಿಗಳಲ್ಲಿ ಗುರಿ ಎಂದರೆ ಠೇವಣಿ ಸಂಗ್ರಹದ ಗುರಿ, ಸಾಲ ವಸೂಲಿಯ ಗುರಿ; ‘ಗುರಿ ಮೀರಿದ ಸಾಧನೆ’ ಎಂಬುದು ಅಲ್ಲಿ ಹೆಮ್ಮೆಯ ಮಾತು. ಭದ್ರತೆಯ ಮಟ್ಟದಲ್ಲಿ ಗುರಿ ಮೀರುವುದೆಂದರೆ ಬೇರೆಡೆ ಬೇಕಾಗಿದ್ದ ದುಡ್ಡನ್ನು ಇಲ್ಲಿ ಹೆಚ್ಚಾಗಿ ಕಳೆದಂತೆ. ಹಾಗೆಂದು ‘ತಕ್ಕ ಮಟ್ಟ’ ಎನ್ನೋಣವೆಂದರೆ, ಅರ್ಥ ಸರಿಯಾಗಿಯೇ ಇದ್ದರೂ, ‘ತಕ್ಕಮಟ್ಟಿಗೆ’ ಎಂಬ ಬಳಕೆ ಅದರ ಬೆನ್ನಿಗಿದೆ. ಕೆಲಸ ತಕ್ಕಮಟ್ಟಿಗೆ ಆಗಿದೆ ಎಂದರೆ ಅಷ್ಟಕ್ಕಷ್ಟೇ ಎಂದು ಎಲ್ಲರೂ ತಿಳಿಯುತ್ತಾರೆ. ಸದ್ಯಕ್ಕೆ ‘ನಿಗದಿಪಡಿಸಿಕೊಂಡ ಮಟ್ಟ’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ. ಆದರೆ ‘ಕೊಂಡ’ ಎಂಬುದರಿಂದ, ನಿಗದಿ ಮಾಡಿದವರು ಹೊರಗಿನವರಲ್ಲ, ತಾವೇ, ಎಂಬ ಅಂಶ ಉಳಿಯುತ್ತದೆ.

ಹೆಚ್ಚಿನ ತೊಡಕು ಇರುವುದು ‘ಮೆಚ್ಯೂರಿಟಿ’ಯಲ್ಲಿ. ‘ಪಕ್ವತೆ’ ಎಂದೊಡನೆ ಬ್ಯಾಂಕಿನವರಿಗೆ ನೆನಪಾಗುವುದು ಅವಧಿ ಮುಗಿದ ಠೇವಣಿ. ಅದನ್ನು ಪಕ್ಕಕ್ಕಿಟ್ಟರೂ ಇನ್ನೊಂದು ಸಮಸ್ಯೆ ಉಳಿಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ನಿತ್ಯ ಬಳಕೆಯಲ್ಲಿರುವ ‘ಪಕ್ಕಾ’ ಎಂಬುದು ಹಿಂದಿ-ಉರ್ದುವಿನ ಮೂಲಕ ಬಂದಿದ್ದರೂ ಅದರ ಬೇರು ಸಂಸ್ಕೃತದ ‘ಪಕ್ವ’ವೇ, ಅದರ ಎದುರು ‘ಕಚ್ಚಾ’ ಇದೆ, ನಡುವೆ ಮತ್ತೇನೂ ಇಲ್ಲ. ಕರಡನ್ನು ನೋಡಿದ ಹಿರಿಯ ನಿರ್ದೇಶಕರೊಬ್ಬರು, “ಐದರಾಗ ಮೂರಕ್ಕೇ ಯಾಕ ನಿಂತೀರ್ರಿ, ಉಳಿದದ್ದು ಕಚ್ಚಾ ಇದ್ದರೂ ನಡೀತದೇನು?” ಎಂದು ಕೇಳಿದರು. ಆ ಪದವನ್ನು ಕೊಟ್ಟರೆ ಆ ಪ್ರಶ್ನೆ ಬಂದೇ ಬರುತ್ತದೆ. ತೊಗರಿಯ ಕಾಯಿ ಬಲಿಯುವ ಮೊದಲೇ ಯಾರೂ ಕಟಾವು ಮಾಡುವುದಿಲ್ಲ. ಬೆಳೆಗೆ ಬಲಿಯುವುದೊಂದೇ ಕೊನೆ, ಅದನ್ನು ರೈತ ಆರಿಸಿಕೊಳ್ಳುವುದೂ ಇಲ್ಲ. ಭದ್ರತೆಯ ಮಟ್ಟವನ್ನಾದರೋ ಆರಿಸಿಕೊಳ್ಳಲೇಬೇಕು.

ಈ ಪಾರಿಭಾಷಿಕದ ಹುಟ್ಟನ್ನು ಹುಡುಕಿದಾಗ ನನಗೆ ಕಂಡದ್ದು ಬೆಳೆಯಲ್ಲ, ಮನುಷ್ಯ. ಗುಣಮಟ್ಟ ನಿರ್ವಹಣೆಗಾಗಿ ಫಿಲಿಪ್ ಕ್ರಾಸ್ಬಿ 1979ರಲ್ಲಿ ಪ್ರಕಟಿಸಿದ ಐದು ಹಂತಗಳ ಕೋಷ್ಟಕ ಅನಿಶ್ಚಯದಿಂದ ಆರಂಭವಾಗಿ ಎಚ್ಚರ, ಅರಿವು, ವಿವೇಕಗಳನ್ನು ದಾಟಿ ನಿಶ್ಚಯದಲ್ಲಿ ಮುಗಿಯುತ್ತದೆ. ಆ ವಿಚಾರವನ್ನು ತಂತ್ರಾಂಶ ತಯಾರಿಕೆಗೆ ಒಗ್ಗಿಸಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ 1991ರಲ್ಲಿ ತನ್ನ ಐದು ಮಟ್ಟಗಳ ಮಾದರಿಯನ್ನು ಹೊರತಂದಿತು. ಅಲ್ಲಿಂದ ಮುಂದೆ ಈ ಪರಿಭಾಷೆ ಭದ್ರತೆಯ ಕ್ಷೇತ್ರಕ್ಕೂ ಇಳಿಯಿತು. ‘ಪ್ರಬುದ್ಧ’ ಎಂಬುದರ ಮೂಲಾರ್ಥವೇ ಎಚ್ಚೆತ್ತವನು ಎಂದಿರುವುದರಿಂದ, ಕ್ರಾಸ್ಬಿಯ ಹಂತಗಳಿಗೆ ‘ಪ್ರಬುದ್ಧತೆ’ಯಷ್ಟು ಹತ್ತಿರದ ಪದ ಇನ್ನೊಂದಿಲ್ಲ. ಆದರೆ ಬಳಕೆಯಲ್ಲಿ ಅದು ವ್ಯಕ್ತಿಗೆ ಅಂಟಿಕೊಂಡಿದೆ. ‘ಶಾಖೆಯ ಪ್ರಬುದ್ಧತೆ: 1’ ಎಂದು ಬರೆದರೆ ಆ ಶಾಖೆಯ ಸಿಬ್ಬಂದಿಯನ್ನು ಬೈದಂತಾಗುತ್ತದೆ.

‘ಪರಿಣತಿ’ಯನ್ನೂ ಯೋಚಿಸಿದ್ದೆ. ಅದರಲ್ಲಿ ಹೆಚ್ಚುಕಡಿಮೆಗೆ ಅವಕಾಶವಿದೆ, ಕಡಿಮೆ ಎಂದರೆ ಅವಮಾನವೂ ಇಲ್ಲ. ಆದರೂ ಅದು ಪೂರ್ತಿ ತಪ್ಪು ದಾರಿ ಹಿಡಿಸುವ ಪದ: ಕೆಳಗಿನ ಮಟ್ಟದ ಲಕ್ಷಣವೇ ಎಲ್ಲವೂ ಒಬ್ಬ ಜಾಣ ನೌಕರನ ಕೈಚಳಕದ ಮೇಲೆ ನಿಂತಿರುವುದು, ಅಲ್ಲಿ ಪರಿಣತಿಗೆ ಕೊರತೆ ಇರಬೇಕೆಂದೇನಿಲ್ಲ, ಆತ ವರ್ಗವಾಗಿ ಬೀದರಿಗೋ ಯಾದಗಿರಿಗೋ ಹೋದ ಮರುದಿನ ಕೆಲಸ ನಿಲ್ಲುತ್ತದೆ, ಅಷ್ಟೆ. ‘ರೂಢಿ’ ಎಂಬ ಸಲಹೆಯೂ ಬಂದಿತ್ತು. ಬರವಣಿಗೆಯಲ್ಲಿಲ್ಲದೆ ನಡೆದುಬಂದದ್ದನ್ನೇ ರೂಢಿ ಎನ್ನುವುದರಿಂದ ಅದನ್ನು ಕೈಬಿಟ್ಟೆ. ನನ್ನ ಒಲವು ‘ಕಾರ್ಯಕ್ರಮದ ಪ್ರಬುದ್ಧತೆ’, ‘ಬ್ಯಾಕಪ್ ವ್ಯವಸ್ಥೆಯ ಪ್ರಬುದ್ಧತೆ’ ಎಂದು ಪ್ರತಿಬಾರಿಯೂ ವ್ಯವಸ್ಥೆಯ ಹೆಸರನ್ನು ಮುಂದಿಟ್ಟು ಬಳಸುವುದರ ಕಡೆಗಿದೆ. ಹಾಗೆ ಮಾಡಿದರೆ ಆರೋಪ ವ್ಯಕ್ತಿಯ ಮೇಲಿಂದ ಇಳಿಯುತ್ತದೆ.

ಇನ್ನು ‘ಲೆವೆಲ್’. ದಾಟಿ ಹೋಗುವುದಕ್ಕೆ ‘ಹಂತ’, ನಿಲ್ಲುವುದಕ್ಕೆ ‘ಮಟ್ಟ’ ಎಂದು ಹಿಡಿದರೆ ‘ಮಟ್ಟ’ವೇ ಸರಿ. ಆದರೆ ಅದೇ ನೀತಿಪತ್ರದಲ್ಲಿ ಬೇರೆ ‘ಲೆವೆಲ್’ಗಳೂ ಇವೆ. ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ, ಯಾವ ಡಿಜಿಟಲ್ ಸೇವೆಗಳನ್ನು ಕೊಡುತ್ತವೆ, ಪಾವತಿ ವ್ಯವಸ್ಥೆಗಳೊಂದಿಗೆ ಹೇಗೆ ಕೂಡಿಕೊಂಡಿವೆ ಎಂಬುದರ ಮೇಲೆ ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ನಾಲ್ಕು ‘ಲೆವೆಲ್’ಗಳಾಗಿ ವಿಂಗಡಿಸಿದೆ. ಅದು ಬ್ಯಾಂಕು ಬೀಳುವ ಗುಂಪು, ಬ್ಯಾಂಕು ಗಳಿಸಿದ ಎತ್ತರವಲ್ಲ. ಎರಡಕ್ಕೂ ‘ಮಟ್ಟ’ ಎಂದರೆ ಎರಡನೇ ಲೆವೆಲ್ಲಿನ ಬ್ಯಾಂಕು ಎರಡನೇ ಮಟ್ಟದ ಪ್ರಬುದ್ಧತೆಗೆ ನಿಲ್ಲಬಹುದೆಂಬ ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ. ಹಾಗಾಗಿ ರಿಸರ್ವ್ ಬ್ಯಾಂಕಿನ ‘ಲೆವೆಲ್’ಗೆ ‘ವರ್ಗ’ ಎಂದು ಬಳಸಿದ್ದೇನೆ. ಅಮೆರಿಕದ ಮಾನದಂಡಗಳ ಸಂಸ್ಥೆಯಾದ ನಿಸ್ಟ್‌ನ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ನಾಲ್ಕು ‘ಟಿಯರ್’ಗಳಿವೆ; ಅವು ಪ್ರಬುದ್ಧತೆಯ ಮಟ್ಟಗಳಲ್ಲ ಎಂದು 2014ರ ಮೊದಲ ಆವೃತ್ತಿಯೇ ಹೇಳಿದ್ದರೂ ಅನೇಕರು ಹಾಗೆಯೇ ಓದುತ್ತಾರೆ. ‘ಟಿಯರ್’ಗೆ ‘ಸ್ತರ’ ಎಂದಿದ್ದೇನೆ.

ಏಕವಚನ-ಬಹುವಚನದ ಮಾತೂ ಒಂದಿದೆ. ಅಮೆರಿಕದ ಇಂಧನ ಇಲಾಖೆಯ ಸಿ2ಎಂ2 ಎಂಬ ಸೈಬರ್ ಭದ್ರತಾ ಪ್ರಬುದ್ಧತೆಯ ಮಾದರಿಯಲ್ಲಿ ಹತ್ತು ಕ್ಷೇತ್ರಗಳಿದ್ದು, 0ಯಿಂದ 3ರವರೆಗಿನ ಮಟ್ಟಗಳಲ್ಲಿ ಪ್ರತಿ ಕ್ಷೇತ್ರಕ್ಕೂ ಪ್ರತ್ಯೇಕವಾಗಿ ಆರಿಸಿಕೊಳ್ಳಬೇಕು. ಎಲ್ಲದರಲ್ಲೂ ತುದಿ ಮುಟ್ಟುವುದು ಎಲ್ಲರಿಗೂ ಉಚಿತವಾಗಲಾರದೆಂಬ ಎಚ್ಚರಿಕೆ ಆ ದಾಖಲೆಯಲ್ಲೇ ಇದೆ. ಎಂಟು ಭದ್ರತಾ ಕ್ರಮಗಳನ್ನು ಹೇಳುವ ಆಸ್ಟ್ರೇಲಿಯಾದ ‘ಎಸೆನ್ಷಿಯಲ್ ಏಟ್’ ಮಾದರಿ ಇದಕ್ಕೆ ವಿರುದ್ಧವಾಗಿ, ಎಂಟರಲ್ಲೂ ಒಂದೇ ಮಟ್ಟವನ್ನು ತಲುಪಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕೆನ್ನುತ್ತದೆ. ಹೀಗಾಗಿ ‘ಬ್ಯಾಂಕಿನ ನಿಗದಿತ ಮಟ್ಟ’ ಎಂದು ಏಕವಚನದಲ್ಲಿ ಬರೆದರೆ ಮಾದರಿಯನ್ನೇ ಆರಿಸಿಬಿಟ್ಟಂತಾಗುತ್ತದೆ. ನಮ್ಮ ಕರಡು ಕ್ಷೇತ್ರವಾರು ಆಯ್ಕೆಯದ್ದಾದ್ದರಿಂದ ‘ಮಟ್ಟಗಳು’ ಎಂದೇ ಇಟ್ಟಿದ್ದೇನೆ.

ನನ್ನ ಪ್ರಶ್ನೆಗಳು ಎರಡೇ. ‘ನಿಗದಿಪಡಿಸಿಕೊಂಡ ಪ್ರಬುದ್ಧತಾ ಮಟ್ಟಗಳು’ ಎಂಬುದನ್ನು ಅರ್ಥ ಕೆಡದಂತೆ ಮೊಟಕು ಮಾಡಲು ಸಾಧ್ಯವೇ? ಇಷ್ಟು ಸಾಕು, ಇದಕ್ಕೆ ಮೀರಬಾರದು ಎಂಬ ಎರಡೂ ಅರ್ಥಗಳು ಒಟ್ಟಿಗಿರುವ ಪದ ನನಗೆ ತಿಳಿದಂತೆ ‘ಹದ’ ಒಂದೇ. ಅಂಕಿಯೊಡನೆ, ‘ಹದ 2’, ‘ಹದ 3’ ಎಂಬಂತೆ, ಅದನ್ನು ಪಾರಿಭಾಷಿಕವಾಗಿ ಬಳಸಿದರೆ ಕಿವಿಗೆ ಒಡ್ಡೊಡ್ಡಾಗುತ್ತದೆಯೇ, ಅಥವಾ ಬಳಸುತ್ತ ಹೋದರೆ ಒಗ್ಗೀತೇ?

ವಂದನೆಗಳೊಂದಿಗೆ,
ಕಲಬುರಗಿಯಿಂದ ಒಬ್ಬ ಅನುವಾದಕ