ಆದಿಯ ರೇಸು, ಕೈಗೆ ಕಟ್ಟೋ ಸ್ವಿಚ್ಚು, ನಮ್ಮ ಮನೆ ಗುಂಪು

ನಮ್ಮ ‘ಹೊಸಮನೆ ಕುಟುಂಬ’ ವಾಟ್ಸಾಪ್ ಗುಂಪಿನಲ್ಲಿ ಶುಕ್ರವಾರ ರಾತ್ರಿ ಶುರುವಾದ ಜಗಳ ಇದು. ವಿಷಯ, ಬೈಕಿನಿಂದ ಸವಾರನ ಕೈಗೆ ದಾರದಲ್ಲಿ ಕಟ್ಟುವ, ಅವನು ಬಿದ್ದು ದಾರ ಕಿತ್ತ ತಕ್ಷಣ ಇಂಜಿನ್ ನಿಲ್ಲಿಸುವ ಸ್ವಿಚ್ಚು. ಎಲ್ಲರನ್ನೂ ಕೇಳಿ, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ. ಗದ್ದೆ ಕೊಯ್ಲು ಮುಗಿದ ಮೇಲೆ ಮಲೆನಾಡಿನಲ್ಲಿ ಅಲ್ಲಲ್ಲಿ ಡರ್ಟ್ ಟ್ರ್ಯಾಕ್ ಬೈಕ್ ರೇಸು ನಡೆಯುತ್ತದೆ. ಓಡಿಸುವವರು ನಮ್ಮ ನಿಮ್ಮ ಮನೆ ಹುಡುಗರು, ಹಗ್ಗದ ಆಚೆ ನಿಂತು ನೋಡುವವರೂ ನಾವೇ. ನನ್ನ ಅಕ್ಕ ಸವಿತಳ ಮಗ ಆದಿ ಬರುವ ಭಾನುವಾರ ಅಂಥದ್ದೊಂದರಲ್ಲಿ ಓಡಿಸುತ್ತಿದ್ದಾನೆ.

ವಿಜಯತ್ತೆ (ಫಾರ್ವರ್ಡ್): ಎಲ್ಲಾ ಪೋಷಕರ ಗಮನಕ್ಕೆ!! ರೇಸಿನಲ್ಲಿ ಬಿದ್ದ ಸವಾರ. ಜನರ ಮೇಲೆ ನುಗ್ಗಿದ ಬೈಕ್. ಇನ್ನು ಮುಂದೆ ಎಲ್ಲಾ ಬೈಕಿಗೂ ಕೈಗೆ ಕಟ್ಟುವ ಸ್ವಿಚ್ ಕಡ್ಡಾಯ, ಇಲ್ಲದಿದ್ದರೆ ಲೈಸೆನ್ಸ್ ರದ್ದು. 10 ಗುಂಪಿಗೆ ಕಳಿಸಿ, ಒಂದು ಜೀವ ಉಳಿಸಿ 🙏🙏

ವಿಜಯತ್ತೆ: ಸವಿತಾ, ನೋಡಿದ್ಯೇನೆ? ಆದಿ ಹೋಗೋದು ಇಂಥದಕ್ಕೇ ಅಲ್ವಾ?

ಪ್ರಶಾಂತ: ಅತ್ತೆ, ಇದರ ಮೂಲ ಎಲ್ಲಿ? ಯಾವ ಇಲಾಖೆ ಆದೇಶ? ನಂಬರ್ ಇಲ್ಲ, ತಾರೀಕು ಇಲ್ಲ.

ವಿಜಯತ್ತೆ: ವಿಡಿಯೋನೇ ಇದ್ಯಲ್ಲೋ. ಕಣ್ಣಿಗೆ ಕಾಣಲ್ವಾ?

ಪ್ರಶಾಂತ: ವಿಡಿಯೋದಲ್ಲಿ ಹಿಂದಿರೋ ಬೋರ್ಡ್ ನೋಡಿ. ಥಾಯ್ ಅಕ್ಷರ. ನಮ್ಮ ದೇಶದ್ದೇ ಅಲ್ಲ.

ವಿಜಯತ್ತೆ: ಯಾವ ದೇಶದಲ್ಲಿ ಬಿದ್ರೂ ಮೂಳೆ ಮುರಿಯತ್ತೆ.

ಸವಿತಕ್ಕ: ಅತ್ತೆ, ರಾತ್ರಿ ಹೊತ್ತು ಇಂಥದೆಲ್ಲ ಕಳಿಸ್ಬೇಡಿ. ನಂಗೆ ಮೊದಲೇ ನಿದ್ದೆ ಇಲ್ಲ.

ಶ್ರೀಧರ ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ನಮ್ಮ ಕಾಲದಲ್ಲಿ ಗಾಡಿ ಅಂದರೆ ಪೇಟೆಗೆ ಹೋಗಿ ಬರೋದಕ್ಕೆ, ಅಡಿಕೆ ಮಂಡಿಗೆ ಓಡಾಡೋದಕ್ಕೆ. ಈಗಿನ ಮಕ್ಕಳಿಗೆ ಅದು ಆಟದ ಸಾಮಾನು. ಸ್ವಿಚ್ ಕಡ್ಡಾಯ ಮಾಡುವ ಮೊದಲು ಹಿರಿಯರ ಮಾತು ಕೇಳುವುದು ಕಡ್ಡಾಯವಾಗಬೇಕು. 2023ರ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ಚೆನ್ನೈ ಟ್ರ್ಯಾಕಿನಲ್ಲಿ ಹೋಗಿಬಿಟ್ಟ. ಆ ತಂದೆ ತಾಯಿಯ ಗತಿ ಏನು ಯೋಚಿಸಿ.

ಪ್ರಶಾಂತ: ದೊಡ್ಡಪ್ಪ, ಅದು ಬಿದ್ದು ತಲೆಗೆ ಪೆಟ್ಟಾಗಿದ್ದು. ಆ ವಾರದ ಉಳಿದ ರೇಸೆಲ್ಲ ರದ್ದು ಮಾಡಿದ್ರು. ಅದಕ್ಕೂ ಈ ಸ್ವಿಚ್ಚಿಗೂ ಸಂಬಂಧ ಇಲ್ಲ. ಎರಡನ್ನೂ ಸೇರಿಸ್ಬೇಡಿ.

ಶ್ರೀಧರ ದೊಡ್ಡಪ್ಪ: ಮಗು ಹೋಗಿದ್ದು ಹೋಗಿದ್ದೇ ಅಲ್ಲವೇನಪ್ಪ.

ರಮೇಶಣ್ಣ: ದೊಡ್ಡಪ್ಪ, ಗಾಡಿ ಅಂದ್ರೆ ನಿಮ್ಮ ಯೆಜ್ಡಿ! ಎರಡು ಸೈಲೆನ್ಸರ್, ತಿರುವಿನಲ್ಲಿ ಬರ್ತಾ ಇದ್ರೆ ಅಜ್ಜಿ ಶಬ್ದ ಕೇಳಿನೇ ಕಾಫಿಗೆ ನೀರಿಡ್ತಿದ್ರು. ಕಿಕ್ಕರ್ರೂ ಗೇರೂ ಒಂದೇ ಲಿವರ್. ನಮ್ಮ ಮೈಸೂರಲ್ಲೇ ಆಗ್ತಿದ್ದ ಗಾಡಿ ಅದು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದಾಗ ನಾನು ಗೇಟಿನ ಮುಂದೆ ನಿಂತಿದ್ದೆ ಗೊತ್ತಾ.

ಶ್ರೀಧರ ದೊಡ್ಡಪ್ಪ: ಅದನ್ನು ಗುಜರಿಗೆ ಹಾಕಿದವರ ಮಗ ಇದೇ ಗುಂಪಿನಲ್ಲಿದ್ದಾನೆ.

ಪ್ರಶಾಂತ: ದೊಡ್ಡಪ್ಪ, ಅಪ್ಪ ನಿಮ್ಮನ್ನ ಕೇಳಿನೇ ಕೊಟ್ಟಿದ್ದು. ಚಾಸಿ ಪೂರ್ತಿ ತುಕ್ಕು ಹಿಡಿದಿತ್ತು.

ಶ್ರೀಧರ ದೊಡ್ಡಪ್ಪ: ನನ್ನನ್ನು ಯಾರೂ ಕೇಳಲಿಲ್ಲ.

ಇಲ್ಲಿಂದ ಮುಂದೆ ಯೆಜ್ಡಿಯನ್ನು ಕೊಂಡವನು ಬಾಳೆಹೊನ್ನೂರಿನವನೋ ಕೊಪ್ಪದವನೋ, ದುಡ್ಡು ಯಾರ ಕೈಗೆ ಬಂತು, ಆ ದುಡ್ಡಿನಲ್ಲಿ ಬಾವಿಗೆ ಪಂಪು ತಂದಿದ್ದೋ ಇಲ್ಲವೋ ಎಂಬುದೇ ಬಹಳ ಹೊತ್ತು ನಡೆಯಿತು. ಅದನ್ನು ಬಿಟ್ಟಿದ್ದೇನೆ. ಅದರ ನಡುವೆ ಮಂಜು ಭಾವ ಬರೆದದ್ದನ್ನು ಪೂರ್ತಿ ಹಾಕುತ್ತೇನೆ. ಅವರಿಗೆ ಕೊಪ್ಪದಲ್ಲಿ ಗ್ಯಾರೇಜು ಇದೆ. ಗುಂಪಿನಲ್ಲಿ ಈ ವಿಷಯವನ್ನು ಕೈಯಿಂದ ಮುಟ್ಟಿ ಬಲ್ಲವರು ಅವರೊಬ್ಬರೇ.

ಮಂಜು ಭಾವ: ಸವಿತಾ, ಗಾಡಿ ಬಿದ್ರೆ ಇಂಜಿನ್ ತಾನಾಗೇ ನಿಲ್ಲತ್ತೆ ಅಂತ ಸುಮಾರು ಜನ ತಿಳ್ಕೊಂಡಿದಾರೆ. ಇಂಜೆಕ್ಷನ್ ಗಾಡಿಲಿ, ಅಂದ್ರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಬಿಡೋ ಹೊಸ ಗಾಡಿಲಿ, ಸಾಮಾನ್ಯವಾಗಿ ಅದು ಹೌದು. ಸೆನ್ಸರ್ ಇರತ್ತೆ, ಗಾಡಿ ಪೂರ್ತಿ ಮಲಗಿದ್ರೆ ಸ್ವಲ್ಪ ಹೊತ್ತಿಗೇ ಪಂಪು, ಸ್ಪಾರ್ಕು ಎರಡೂ ಕಟ್. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲಿನ ಗಾಡಿ ಹೆಚ್ಚುಕಮ್ಮಿ ಎಲ್ಲ ಇಂಜೆಕ್ಷನ್ನೇ. ಆದ್ರೆ ನಮ್ಮ ಕಡೆ ಮಣ್ಣಿನ ರೇಸಿಗೆ ಬರೋದು ಆರ್‌ಎಕ್ಸ್ 100, ಶೋಗನ್. ಹಳೇ ಕಾರ್ಬುರೇಟರ್ ಗಾಡಿ, ಸೆನ್ಸರ್ ಇಲ್ಲ. ಬಿದ್ದಿದ್ದು ಅದಕ್ಕೆ ಗೊತ್ತೇ ಆಗಲ್ಲ.

ಮಂಜು ಭಾವ: ಬೀಳೋವಾಗ ಗ್ರಿಪ್ಪಿನ ತುದಿ ನೆಲಕ್ಕೆ ಹೊಡೆದು ಒಳಗೆ ಮಣ್ಣು ತುಂಬ್ಕೊಳತ್ತೆ. ಎಕ್ಸಲೇಟರ್ ತಿರುಗಿದಲ್ಲೇ ಕಚ್ಕೊಳತ್ತೆ. ಗೇರಲ್ಲೇ ಇರೋ ಗಾಡಿ, ಹಿಂದಿನ ಚಕ್ರ ಗಿರ್ರಂತ ತಿರುಗ್ತಾನೇ ಇರತ್ತೆ. ಹುಡುಗ ದೂರ ಬಿದ್ದಿರ್ತಾನೆ, ಅವನು ಬಚಾವು. ಗಾಡಿ ಎತ್ತಕ್ಕೆ ಓಡಿ ಬರ್ತಾನಲ್ಲ ಬಾವುಟ ಹಿಡಿದವನು, ಅವನ ಕೈ ಚೈನಿಗೂ ಸ್ಪ್ರಾಕೆಟ್ಟಿಗೂ ಮಧ್ಯ ಹೋಗತ್ತೆ. ನಮ್ಮ ಗ್ಯಾರೇಜಿಗೆ ಬರೋ ಒಬ್ಬನಿಗೆ ಬಲಗೈ ತೋರುಬೆರಳಿನ ತುದಿ ಇಲ್ಲ. ಅವನು ರೇಸಲ್ಲಿ ಓಡಿಸಿದವನಲ್ಲ, ಎತ್ತಕ್ಕೆ ಹೋದವನು.

ಈ ಎರಡು ಮೆಸೇಜಿಗೆ ಬಂದದ್ದು ಒಂದು ಹೆಬ್ಬೆಟ್ಟು, ಅದೂ ಲತಕ್ಕನದು, ಅವರ ಹೆಂಡತಿಯದು. ಅದಾದ ಮೇಲೆ ಗುಂಪಿಗೆ ಬಿದ್ದದ್ದು ರಮೇಶಣ್ಣ ಹುಡುಕಿ ತೆಗೆದ ಯೆಜ್ಡಿ ಫೋಟೋ. ನನಗೆ ಇದು ನಿಜವಾಗಿ ಬೇಸರ ತಂದಿತು. ಬೆಂಗಳೂರಿನಲ್ಲಿ ಕೂತ ಪ್ರಶಾಂತನ ‘ಮೂಲ ಎಲ್ಲಿ’ ಎಂಬ ಪ್ರಶ್ನೆಗೆ ಆರು ಜನ ಉತ್ತರಿಸಿದರು. ಕೈಗೆ ಗ್ರೀಸ್ ಮೆತ್ತಿಕೊಂಡ ಮನುಷ್ಯ ಮೂಲದಿಂದಲೇ ಮಾತಾಡಿದರೆ ಕೇಳುವವರಿಲ್ಲ.

ಬೆಳಿಗ್ಗೆ ಸ್ಕಾಟ್ಲೆಂಡಿನಿಂದ ಕಿರಣ ಎದ್ದ.

ಕಿರಣ: ಇಲ್ಲಿ ಫೋರ್ಟ್ ವಿಲಿಯಂನಲ್ಲಿ ಮೇ ತಿಂಗಳಲ್ಲಿ ಆರು ದಿನ ಟ್ರಯಲ್ಸ್ ನಡಿಯತ್ತೆ, ಬಂಡೆ ಮೇಲೆ ಹಳ್ಳದಲ್ಲಿ ಬೈಕ್ ಹತ್ತಿಸೋದು. ನೋಡಕ್ಕೆ ಹೋಗಿದ್ದೆ. ಎಲ್ಲರ ಮಣಿಕಟ್ಟಿಗೂ ಸುರುಳಿ ದಾರ, ಅದರ ತುದಿ ಹ್ಯಾಂಡಲ್ ಮೇಲಿನ ಸ್ವಿಚ್ಚಿಗೆ. ಬಿದ್ದ ತಕ್ಷಣ ಇಂಜಿನ್ ಆಫ್. ಸ್ಪೀಡ್‌ವೇ ಅಂತ ಮಣ್ಣಿನ ಅಂಡಾಕಾರದ ಟ್ರ್ಯಾಕಲ್ಲಿ ಸುತ್ತೋ ರೇಸಲ್ಲೂ ಹಾಗೇ ಕಟ್ಕೋತಾರೆ. ಅದ್ರಲ್ಲಂತೂ ಬೈಕಿಗೆ ಬ್ರೇಕೇ ಇರಲ್ಲ.

ವಿಜಯತ್ತೆ: ನೋಡಿದ್ಯಾ ಪ್ರಶಾಂತ. ನಾನು ಹೇಳಿದ್ದೇ.

ಪ್ರಶಾಂತ: ಅತ್ತೆ, ನೀವು ಕಳಿಸಿದ್ದು ‘ಎಲ್ಲಾ ಬೈಕಿಗೂ’ ಅಂತ. ಅದು ಸುಳ್ಳೇ. ಇನ್ನು ರೇಸಿನ ಮಾತು. ಟಾರು ಟ್ರ್ಯಾಕಿನ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿಲಿ 2018ರಿಂದ ಏರ್‌ಬ್ಯಾಗ್ ಸೂಟ್ ಕಡ್ಡಾಯ, ಆದ್ರೆ ಕೈಗೆ ದಾರ ಯಾರೂ ಕಟ್ಟಲ್ಲ. ತಿರುವಿನಲ್ಲಿ ಮೈಯೆಲ್ಲ ಆಚೆ ಹಾಕಿ ನೇತಾಡೋವಾಗ ದಾರ ಕಿತ್ತು ಬಂದ್ರೆ? ಹಿಂದೆ ಬರೋನು ಬಂದು ಗುದ್ದಲ್ವಾ?

ಮಂಜು ಭಾವ: ಅದು ಸರಿ. ಎಗರೋ ಟ್ರ್ಯಾಕಲ್ಲೂ ಕಷ್ಟ. ಗಾಳಿಲಿ ಇರೋವಾಗ ಇಂಜಿನ್ ನಿಂತ್ರೆ ಮುಂದಿನ ಚಕ್ರ ಕೆಳಗೆ ಬಗ್ಗತ್ತೆ.

ಪ್ರಶಾಂತ: ಥ್ಯಾಂಕ್ಸ್ ಭಾವ.

ಸವಿತಕ್ಕ: ಹಾಗಾದ್ರೆ ಬೇಕಾ ಬೇಡ್ವಾ? ಮಲ್ಪೆಲಿ ನೀರಿನ ಸ್ಕೂಟರ್ ಹತ್ತಿಸೋ ಮುಂಚೆ ಆ ಹುಡುಗ ನನ್ನ ಕೈಗೆ ಕೆಂಪು ಸುರುಳಿ ದಾರ ಹಾಕಿದ್ದ. ಬಿದ್ರೆ ಸ್ಕೂಟರ್ ನಿಂತ್ಕೊಳತ್ತೆ ಅಂದ. ಅಲ್ಲಿ ಐದು ನಿಮಿಷಕ್ಕೆ ಬೇಕಾಗಿದ್ದು ಇಲ್ಲಿ ಯಾಕೆ ಬೇಡ?

ಆದಿ: ಅಮ್ಮ, ಕಟ್ಕೊಂಡ್ರೆ ಎಲ್ರೂ ನಗ್ತಾರೆ. ಯಾರೂ ಕಟ್ಟಲ್ಲ. ಅಕಸ್ಮಾತ್ ಎಳೆದುಹೋದ್ರೆ ಆ ಹೀಟ್, ಅಂದ್ರೆ ಆ ಸುತ್ತಿನ ರೇಸು, ಹೋಯ್ತು ಅಷ್ಟೆ. ಎಂಟ್ರಿ ಫೀಸ್ ದಂಡ.

ಆದಿಯ ಈ ಮಾತು ಓದಿದ ಮೇಲೆ ನಾನು ಸುಮ್ಮನಿರಲಾಗಲಿಲ್ಲ.

ನಾನು: ಆದಿ ಹೇಳಿದ್ದೇ ಕಡ್ಡಾಯ ಮಾಡೋದಕ್ಕೆ ಕಾರಣ. ಬೇಕಾದವರು ಕಟ್ಕೊಳ್ಳಿ ಅಂದ್ರೆ ಹತ್ತೊಂಬತ್ತು ವರ್ಷದ ಯಾವ ಹುಡುಗನೂ ಕಟ್ಟಲ್ಲ. ಪಕ್ಕದವನು ಕಟ್ಟಿಲ್ಲ, ತಾನು ಕಟ್ಟಿ ಒಂದು ಜಾಗ ಹಿಂದೆ ಬೀಳೋದು ಯಾಕೆ ಅಂತಾನೆ. ಎಲ್ಲರೂ ಕಟ್ಟಲೇಬೇಕು ಅಂದ್ರೆ ನಗೋಕೆ ಯಾರೂ ಉಳಿಯಲ್ಲ. ಹೆಲ್ಮೆಟ್ ಬೇರೆ, ಅದು ಅವನ ತಲೆ. ಈ ದಾರ ಅವನಿಗೋಸ್ಕರ ಅಲ್ಲ. ಬಾವುಟ ಹಿಡಿದು ನಿಂತ ಹುಡುಗನಿಗೆ, ಹಗ್ಗದ ಈಚೆ ಮಗು ಎತ್ಕೊಂಡು ನಿಂತವರಿಗೆ. ಅವರನ್ನ ಯಾರೂ ಕೇಳಿರಲ್ಲ.

ನಾನು: ಪ್ರಶಾಂತ ಹೇಳಿದ್ದನ್ನೂ ಒಪ್ತೀನಿ. ಟಾರು ಟ್ರ್ಯಾಕಿಗೆ ಬೇಡ, ಅಲ್ಲಿ ಸೆನ್ಸರ್ ಇರೋ ಗಾಡಿ ಇರಲಿ. ಎಗರೋ ಟ್ರ್ಯಾಕಿಗೂ ಬೇಡ. ಆದ್ರೆ ಸಪಾಟು ಗದ್ದೆಲಿ, ಕಾರ್ಬುರೇಟರ್ ಗಾಡಿಲಿ, ಹತ್ತಡಿ ದೂರಕ್ಕೆ ಜನ ನಿಲ್ಲೋ ಕಡೆ ದಾರ ಇಲ್ಲದ ಗಾಡಿನ ರೇಸಿಗೆ ಮೊದಲಿನ ತಪಾಸಣೆಲಿ, ಅಂದ್ರೆ ಸ್ಕ್ರುಟಿನಿಯಲ್ಲೇ, ವಾಪಸ್ ಕಳಿಸ್ಬೇಕು.

ಪ್ರಶಾಂತ: ಅದು ಸರಿ ಸುಮಾ. ನನ್ನ ತಕರಾರು ಫಾರ್ವರ್ಡ್ ಬಗ್ಗೆ ಮಾತ್ರ.

ವಿಜಯತ್ತೆ: ನಿನ್ನ ತಕರಾರು ಯಾವಾಗ್ಲೂ ನನ್ನ ಬಗ್ಗೆನೇ. ಕೊರೋನಾ ಟೈಮಲ್ಲಿ ಕಷಾಯದ ಮೆಸೇಜ್ ಹಾಕಿದಾಗ್ಲೂ ಎಲ್ಲರ ಮುಂದೆ ನನ್ನ ದಡ್ಡಿ ಮಾಡಿದ್ದೆ. ಮರ್ತಿಲ್ಲ ನಾನು.

ಪ್ರಶಾಂತ: ಅತ್ತೆ ಅದು ಬ್ಲೀಚಿಂಗ್ ಪೌಡರಿನ ಮೆಸೇಜು. ಕಷಾಯ ಅಲ್ಲ.

ರಮೇಶಣ್ಣ: ಅತ್ತೆ ಕಷಾಯ ಚೆನ್ನಾಗಿತ್ತು. ಕಾಳುಮೆಣಸು ಜಾಸ್ತಿ.

ಶ್ರೀಧರ ದೊಡ್ಡಪ್ಪ: ದೊಡ್ಡವರಿಗೆ ಎದುರು ಮಾತಾಡುವುದು ಈ ಮನೆಯಲ್ಲಿ ಇರಲಿಲ್ಲ. ಯೆಜ್ಡಿ ವಿಷಯದಲ್ಲೂ ಹೀಗೇ ಆಯಿತು.

ಇಷ್ಟರಲ್ಲಿ ನಾನು ರೇಸು ನಡೆಸುವ ಸಂಘದವರಿಗೆ ಬರೆದೆ. ಎರಡೇ ಮಾತು ಕೇಳಿದ್ದೆ: ಕಾರ್ಬುರೇಟರ್ ಗಾಡಿಗೆ ಕೈದಾರದ ಸ್ವಿಚ್ ಇಲ್ಲದೆ ಟ್ರ್ಯಾಕಿಗೆ ಬಿಡಬೇಡಿ, ಸ್ಕ್ರುಟಿನಿಯಲ್ಲಿ ಇಂಜಿನ್ ಚಾಲೂ ಇಟ್ಟು ದಾರ ಎಳೆದು ನೋಡಿ. ಬರೀ ಹಾಕಿಸಿದರೆ ಸಾಲದು ಎಂದು ಮಂಜು ಭಾವನೇ ಹೇಳಿಕೊಟ್ಟದ್ದು. ಹಳೇ ಮ್ಯಾಗ್ನೆಟೊ ಗಾಡಿಯಲ್ಲಿ (ಸ್ಪಾರ್ಕಿಗೆ ಬೇಕಾದ ಕರೆಂಟನ್ನು ಇಂಜಿನ್ನೇ ಹುಟ್ಟಿಸುವಂಥದು) ಸಿಡಿಐಗೆ, ಅಂದರೆ ಸ್ಪಾರ್ಕು ಕೊಡಿಸುವ ಪೆಟ್ಟಿಗೆಗೆ, ಹೋಗುವ ವಯರನ್ನು ಚಾಸಿಗೆ ಮುಟ್ಟಿಸಿದರೆ ಇಂಜಿನ್ ನಿಲ್ಲುತ್ತದೆ, ಅಂದರೆ ದಾರ ಕಿತ್ತಾಗ ಎರಡು ತುದಿ ಕೂಡಬೇಕು. ಬ್ಯಾಟರಿ ಇಗ್ನಿಷನ್ ಗಾಡಿಯಲ್ಲಿ ಕರೆಂಟು ಕಡಿಯಬೇಕು, ಅಂದರೆ ದಾರ ಕಿತ್ತಾಗ ಎರಡು ತುದಿ ಬಿಡಬೇಕು. ಒಂದಕ್ಕೆ ಹೊಂದುವ ಸ್ವಿಚ್ಚನ್ನು ಇನ್ನೊಂದಕ್ಕೆ ಹಾಕಿದರೆ ಕೆಲಸ ಮಾಡುವುದಿಲ್ಲ. ಮೊದಲನೆಯದರಲ್ಲಿ ವಯರು ತುಂಡಾಗಿದ್ದರೆ ಇಂಜಿನ್ ಓಡುತ್ತಲೇ ಇರುತ್ತದೆ, ಹಾಳಾಗಿರುವುದು ಬೀಳುವ ತನಕ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಎಳೆದು ನೋಡುವುದು.

ಸಂಘದವರ ಉತ್ತರ ಸಂಜೆಗೆ ಬಂತು: ಈ ಸಲ ಸಮಯ ಕಮ್ಮಿ, ಮುಂದಿನ ಸಲ ನೋಡೋಣ.

ನಾನು ಅದನ್ನು ಗುಂಪಿಗೆ ಹಾಕಿದೆ.

ಸವಿತಕ್ಕ: ಮುಂದಿನ ಸಲ ಅಂದ್ರೆ ಏನು? ಆದಿ ಓಡ್ಸೋದು ಈ ಸಲ.

ಮಂಜು ಭಾವ: ಸಂಘ ಬಿಡು. ಆದಿ, ನಿನ್ನ ಗಾಡಿ ಯಾವುದು ಈ ಸಲ?

ಆದಿ: ಆರ್‌ಎಕ್ಸ್ ದೊಡ್ಡಪ್ಪ. ಫ್ರೆಂಡಿಂದು.

ಮಂಜು ಭಾವ: ಶನಿವಾರ ಬೆಳಿಗ್ಗೆ ಎಂಟಕ್ಕೆ ತಗೊಂಡು ಬಾ. ನೀನೂ ಬರ್ಬೇಕು, ಗಾಡಿ ಮಾತ್ರ ಕಳಿಸ್ಬೇಡ. ನಿಂತ್ಕೊಂಡು ಹಿಂದೆ ಸರಿದ್ರೂ ದಾರ ಎಳೀಬಾರ್ದು, ಅಳತೆ ನಿನ್ನ ಕೈಗೇ ತಗೋಬೇಕು. ಎಡಗೈಗೆ ಕಟ್ಟೋಣ, ಬಲಗೈ ಎಕ್ಸಲೇಟರ್ ತಿರುಗಿಸ್ತಾ ಇರತ್ತೆ.

ಆದಿ: ನಮ್ಮ ಹೀಟಲ್ಲಿ ಇನ್ನೂ ನಾಲ್ಕು ಜನ ಇದಾರೆ ದೊಡ್ಡಪ್ಪ. ಅವ್ರನ್ನೂ ಕರ್ಕೊಂಡ್ ಬರ್ಲಾ? ಎಲ್ರೂ ಹಾಕ್ಸಿದ್ರೆ ನಾನೂ ಹಾಕ್ತೀನಿ.

ಮಂಜು ಭಾವ: ಬರ್ಲಿ. ಸ್ವಿಚ್ಚಿನ ದುಡ್ಡು ಕೊಟ್ರೆ ಸಾಕು.

ಶ್ರೀಧರ ದೊಡ್ಡಪ್ಪ: ಆ ನಾಲ್ವರ ಸ್ವಿಚ್ಚಿನ ದುಡ್ಡು ನಾನು ಕೊಡುತ್ತೇನೆ ಮಂಜುನಾಥ. ಆದರೆ ರೇಸು ನನಗೆ ಒಪ್ಪಿಗೆ ಇಲ್ಲ.

ವಿಜಯತ್ತೆ: ಸುಮಾ, ಆ ಸಂಘದವರ ನಂಬರ್ ಕಳಿಸು. ನಾನು ಮಾತಾಡ್ತೀನಿ.

ಪ್ರಶಾಂತ: ಅತ್ತೆ, ಸರ್ಕಾರದ ಆದೇಶ ಬಂದಿದೆ ಅಂತ ಮಾತ್ರ ಹೇಳ್ಬೇಡಿ.

ವಿಜಯತ್ತೆ: ನಂಬರ್ ಕಳಿಸು ಅಂದೆ.