ಮಂಡಿ, ಮೂಗು ನೋಡಿದಿರಿ, ಕತ್ತು ನೋಡಿಸಿದಿರಾ?

ಕೇಳಿದ್ದು: ಅಕ್ಕನ ಮಗುವಿಗೆ 20 ದಿನ. ಎರಡೂ ಮಂಡಿ ಕೀಲು ತಪ್ಪಿವೆ, ಪಾದ ಒಳಕ್ಕೆ ತಿರುಗಿವೆ, ಮುಖ ಸ್ವಲ್ಪ ಚಪ್ಪಟೆ. ಲಾರ್ಸೆನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಕೀಲುಗಳು ತಪ್ಪಿರುವ ಅಪರೂಪದ ಜೀನ್ ಕಾಯಿಲೆ, ಇರಬಹುದು ಅಂದಿದ್ದಾರೆ. ಅನುಭವ ಇರುವವರು ಹೇಳಿ, ಏನೇನು ಗಮನಿಸಬೇಕು?

ಒಬ್ಬ ಅಮ್ಮ: ನನ್ನ ಮಗನಿಗೂ ಇದೇ, ಈಗ 7 ವರ್ಷ. ಹುಟ್ಟಿದಾಗ ಅವನ ಮಂಡಿ ಮುಂದಕ್ಕೆ ಮಡಚಿತ್ತು, ಪಾದ ಹೆಚ್ಚುಕಮ್ಮಿ ಎದೆಗೆ ತಾಗುವ ಹಾಗೆ. ಬಟ್ಟೆ ಸುತ್ತಲು ಬಂದ ನರ್ಸ್ ಹಾಗೇ ನಿಂತುಬಿಟ್ಟರು. ಮೊದಲು ಎಲ್ಲರೂ ಪಾದ ಒಂದನ್ನೇ ನೋಡಿದರು, ಪ್ಲಾಸ್ಟರ್ ಹಾಕಿದರೆ ಸರಿಹೋಗುತ್ತೆ ಅಂದರು. ಹಣೆ ಮುಂದೆ ಬಂದಿದ್ದು, ಕಣ್ಣುಗಳ ನಡುವೆ ಜಾಗ ಜಾಸ್ತಿ ಇದ್ದಿದ್ದು, ಮೂಗಿನ ಬುಡ ತಗ್ಗಿದ್ದು ಯಾರಿಗೂ ದೊಡ್ಡದು ಅನ್ನಿಸಲಿಲ್ಲ, ನಮ್ಮತ್ತೆಯಂತೂ "ತಾತನ ಮೂಗು" ಅಂತ ಖುಷಿಪಟ್ಟರು. ಜೆನೆಟಿಕ್ಸ್ ಡಾಕ್ಟರ್ ಮಾತ್ರ ಬಂದವರೇ ಕೈ ಹಿಡಿದು ಹೆಬ್ಬೆರಳು ನೋಡಿದರು. ತುದಿ ಚಮಚದ ಹಾಗೆ ಅಗಲ, ಅದೂ ಈ ಕಾಯಿಲೆಯ ಗುರುತಂತೆ.

ಈಗ ಮುಖ್ಯವಾದದ್ದು. ಬಾಣಂತನಕ್ಕೆ ಬಂದ ಅಜ್ಜಿ ದಿನಾ ಎಣ್ಣೆ ಹಚ್ಚಿ ಮೂಗು ತೀಡುತ್ತಿದ್ದರು, ಕತ್ತು ಆ ಕಡೆ ಈ ಕಡೆ ಹೊರಳಿಸಿ ನೀವುತ್ತಿದ್ದರು. ನಾಲ್ಕನೇ ತಿಂಗಳಲ್ಲಿ ಕತ್ತಿನ ಎಕ್ಸ್‌ರೇ ನೋಡಿದಾಗ ನನ್ನ ಕೈಕಾಲು ತಣ್ಣಗಾಯಿತು. ಮೂಳೆಗಳು ಬಾಗಿದ್ದವು. ಈ ಕಾಯಿಲೆಯಲ್ಲಿ ಹಾಗಾಗಬಹುದು, ಹೊರಗೆ ಏನೂ ಕಾಣದೆಯೇ ಒಳಗೆ ಬೆನ್ನುಹುರಿ ಒತ್ತಿಹೋಗುವ ಅಪಾಯ. ಆದ್ದರಿಂದ ನೀವುವುದು ಇವತ್ತೇ ನಿಲ್ಲಿಸಿ. ಎತ್ತುವಾಗ ಕತ್ತಿಗೆ ಕೈ ಕೊಡಿ. ಯಾವ ಆಪರೇಷನ್‌ಗಾದರೂ ಅನಸ್ತೇಶಿಯಾ ಕೊಡುವ ಮುಂಚೆ ಕತ್ತು ನೋಡಿಸಿ, ಟ್ಯೂಬ್ ಹಾಕಲು ತಲೆ ಹಿಂದಕ್ಕೆ ಬಾಗಿಸುತ್ತಾರಲ್ವಾ, ಅದಕ್ಕೇ.

ಇನ್ನೊಬ್ಬರು: ನನಗೇ ಇದೆ, 34 ವರ್ಷ. ಅಮ್ಮನಿಗೂ ಇತ್ತು, ಆದರೆ ಹೆಸರು ಗೊತ್ತಾಗಿದ್ದು ನನಗೆ ಪರೀಕ್ಷೆ ಮಾಡಿಸಿದ ಮೇಲೆ. 1950ರಲ್ಲೇ ಲಾರ್ಸೆನ್ ಅನ್ನುವ ಅಮೆರಿಕದ ಮೂಳೆ ಡಾಕ್ಟರ್ ಇದರ ಬಗ್ಗೆ ಬರೆದಿದ್ದರಂತೆ, ನಮ್ಮೂರಿಗೆ ಬರಲು ಇಷ್ಟು ವರ್ಷ ಬೇಕಾಯಿತು! ಎಫ್‌ಎಲ್‌ಎನ್‌ಬಿ ಅನ್ನುವ ಜೀನ್‌ನಲ್ಲಿ ತೊಂದರೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಬರುತ್ತೆ, ಹಾಗಾಗಿ ನಿಮ್ಮ ಅಕ್ಕನನ್ನು ಯಾರೂ ದೂರದಂತೆ ನೋಡಿಕೊಳ್ಳಿ. ಸಿಂಡ್ರೋಮ್ ಅಂದ ಕೂಡಲೇ ಜನ ಬುದ್ಧಿ ಹೇಗೆ ಅಂತ ಕೇಳುತ್ತಾರೆ, ಬುದ್ಧಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ನಾನು ಬಿಕಾಂ ಮಾಡಿ ಲೆಕ್ಕ ಬರೆಯುತ್ತೇನೆ, ಮೆಟ್ಟಿಲು ಮಾತ್ರ ಕಷ್ಟ. ಸೊಂಟದ ಕೀಲು, ಮೊಣಕೈ ಕೂಡ ನೋಡಿಸಿ.

ಮತ್ತೊಬ್ಬರು: ಬಾಯಿಯ ಅಂಗುಳ ಸೀಳಿದೆಯಾ ಅಂತ ಟಾರ್ಚ್ ಬಿಟ್ಟು ನೋಡಲು ಹೇಳಿ. ಕಿವಿ ಪರೀಕ್ಷೆಯೂ ಬೇಕು, ನಮ್ಮ ತಮ್ಮನ ಮಗಳಿಗೆ ಕಿವಿ ಮಂದ ಅಂತ ಗೊತ್ತಾಗಿದ್ದು ಮೂರು ವರ್ಷಕ್ಕೆ, ಅಲ್ಲಿವರೆಗೆ ಹಟಮಾರಿ ಅಂತ ಸುಮ್ನೆ ಬೈಯುತ್ತಿದ್ದೆವು. ಮಣಿಪಾಲದಲ್ಲಿ ಜೆನೆಟಿಕ್ಸ್ ವಿಭಾಗ ಇದೆ, ಹೋಗುವಾಗ ಎಲ್ಲಾ ಎಕ್ಸ್‌ರೇ ತಗೊಂಡು ಹೋಗಿ. ಅಂದಹಾಗೆ, ಮಗು ಉಸಿರಾಡುವಾಗ ಗೊರಗೊರ ಸದ್ದು ಬರುತ್ತಾ? ಬರುತ್ತಿದ್ದರೆ ಕಾಯಬೇಡಿ, ಶ್ವಾಸನಾಳ ಮೆತ್ತಗಿರಬಹುದು.